ತಾಲೂಕಿಗೊಂದು ನಂಬರ್, ಮೈದಾನಕ್ಕೆ ಗೂಟ

ಈ ವಾರ ನನ್ನ ತಲೆ ಕೆಡಿಸಿದ್ದು ಒಂದು ಪಟ್ಟಿ. ಕಾಲೇಜು ಕಬಡ್ಡಿಯಲ್ಲಿ ವಿಜಯಪುರ ಜಿಲ್ಲೆಯ ಯಾವ ತಾಲೂಕು ಎಷ್ಟು ಗಟ್ಟಿ ಎಂದು ಯಾರೋ ಪುಣ್ಯಾತ್ಮರು ನಂಬರ್ ಹಚ್ಚಿ ಮೊಬೈಲಿಗೆ ಬಿಟ್ಟಿದ್ದಾರೆ. ಇಂಡಿ ಒಂದು, ಸಿಂದಗಿ ಎರಡು, ಮುದ್ದೇಬಿಹಾಳ ಮೂರು, ಬಸವನ ಬಾಗೇವಾಡಿ ನಾಲ್ಕು. ವಿಜಯಪುರ ನಗರವನ್ನು ಲೆಕ್ಕಕ್ಕೇ ಹಿಡಿದಿಲ್ಲ, ಯಾಕೆಂದೂ ಬರೆದಿಲ್ಲ. ಮರುದಿನ ಬೆಳಿಗ್ಗೆ ಬಾಗೇವಾಡಿಯ ಗೆಳೆಯರೊಬ್ಬರು ಫೋನ್ ಮಾಡಿದರು. "ಏನ್ರೀ ಸರ, ನಮ್ಮನ್ನ ಕಡೀಗೆ ಹಾಕ್ಯಾರಲ್ಲ. ನೀವರ ಬರೀರಿ" ಎಂದರು. ಬರೆಯುತ್ತಿದ್ದೇನೆ, ಆದರೆ ಅವರು ಬಯಸಿದ ಹಾಗಲ್ಲ.

ಮೊದಲಿಗೆ, ಇದು ಯಾವ ಕಾಲದ ಬಾಗೇವಾಡಿ? 2018ರಲ್ಲಿ ನಿಡಗುಂದಿ, ಕೊಲ್ಹಾರ ಎರಡೂ ಬೇರೆ ತಾಲೂಕಾದವು. ಪಟ್ಟಿಯವರು ಅವೆರಡನ್ನೂ ಕಳೆದು ಉಳಿದ ಬಾಗೇವಾಡಿಯನ್ನು ತೂಗಿದ್ದಾರೆ. ಮುದ್ದೇಬಿಹಾಳದ ಸರದಿ ಬಂದಾಗ ಮಾತ್ರ ತಾಳಿಕೋಟಿ ಹುಡುಗರನ್ನು ಹಳೆಯ ಲೆಕ್ಕದಲ್ಲೇ ಸೇರಿಸಿಕೊಂಡಿದ್ದಾರೆ. ಸಿಂದಗಿಗೆ ದೇವರ ಹಿಪ್ಪರಗಿ, ಆಲಮೇಲ, ಇಂಡಿಗೆ ಚಡಚಣ ಹಾಗೇ ಅಂಟಿಕೊಂಡಿವೆ. ಸಂತೆಯಲ್ಲಿ ತಕ್ಕಡಿಗೆ ಹೆಬ್ಬೆರಳು ಒತ್ತಿ ತೂಗುವವನಿಗೂ ಇಷ್ಟು ಧೈರ್ಯ ಇರುವುದಿಲ್ಲ.

ಅದು ಹೋಗಲಿ. ಈ ನಾಲ್ಕು ತಾಲೂಕುಗಳ ಕಾಲೇಜು ತಂಡಗಳು ಒಂದಕ್ಕೊಂದು ವರ್ಷಕ್ಕೆ ಎಷ್ಟು ಸಲ ಎದುರಾಗುತ್ತವೆ? ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿ ಬಂದಾಗ, ಅದೂ ನಾಕೌಟ್. ಚೀಟಿ ಎತ್ತುತ್ತಾರೆ, ಎದುರಿಗೆ ಯಾರು ಬಂದರೋ ಅವರ ಮೇಲೆ ಆಡಬೇಕು. ಸೋತವರು ಬ್ಯಾಗ್ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ.

ಹಿಂದೊಮ್ಮೆ ಇಂಥದೊಂದು ಟೂರ್ನಿ ನೋಡಲು ಹೋಗಿದ್ದೆ. ಬೆಳಿಗ್ಗೆ ಮೊದಲ ಪಂದ್ಯವೇ ಇಂಡಿ ಕಡೆಯ ಒಂದು ಕಾಲೇಜಿಗೂ ಮುದ್ದೇಬಿಹಾಳ ಕಡೆಯ ಇನ್ನೊಂದಕ್ಕೂ ಬಿತ್ತು. ಬಂದಿದ್ದ ತಂಡಗಳಲ್ಲಿ ಅವೆರಡೇ ಎಲ್ಲಕ್ಕಿಂತ ಗಟ್ಟಿ ಎಂಬುದು ಮೈದಾನದ ಅಂಚಿನಲ್ಲಿ ಚಹಾ ಮಾರುವವನಿಗೂ ಗೊತ್ತಿತ್ತು. ಮುದ್ದೇಬಿಹಾಳದ ರೈಡರ್ ಒಬ್ಬ, ಸಣಕಲು ಹುಡುಗ, ಬೋನಸ್ ಗೆರೆ ಮುಟ್ಟಿ ತಿರುಗುವ ಚುರುಕು ನೋಡಿದರೆ ಎದ್ದು ನಿಲ್ಲಬೇಕು ಅನಿಸುತ್ತಿತ್ತು. ಕೊನೆಯ ರೈಡಿನಲ್ಲಿ ಇಂಡಿಯವರು ಪಾದ ಹಿಡಿದು ಕೆಡವಿದರು, ಒಂದೇ ಪಾಯಿಂಟಿನಿಂದ ಪಂದ್ಯ ಹೋಯಿತು. ಹನ್ನೊಂದು ಗಂಟೆಗೆಲ್ಲ ಆ ಹುಡುಗರು ಉಪ್ಪಿಟ್ಟು ತಿಂದು ಊರಿಗೆ ಹೊರಟಿದ್ದರು. ಸಂಜೆ ಸೆಮಿಫೈನಲ್ ಆಡಿದ ತಂಡಗಳಲ್ಲಿ ಒಂದಕ್ಕೆ ಒಂದು ವಾಕ್‌ಓವರ್ ಸಿಕ್ಕಿತ್ತು, ಇನ್ನೊಂದು ಪಂದ್ಯದಲ್ಲಿ ಅದು ಎದುರಿಸಿದ್ದು ಆರೇ ಆಟಗಾರರ ತಂಡವನ್ನು. ಏಳನೆಯವನಿಗೆ ಬಸ್ ತಪ್ಪಿತ್ತಂತೆ. ಪಟ್ಟಿ ಮಾಡುವವರ ಲೆಕ್ಕದಲ್ಲಿ ಆ ತಂಡ ಸೆಮಿಫೈನಲಿಸ್ಟ್. ಮುದ್ದೇಬಿಹಾಳದವರು "ಮೊದಲ ಸುತ್ತಿನಲ್ಲೇ ನಿರ್ಗಮನ".

ಈ ಹುಚ್ಚು ನಮ್ಮದೊಂದೇ ಅಲ್ಲ ಎಂಬುದು ಸಮಾಧಾನವೋ ಸಂಕಟವೋ. ಡಲ್ಲಾಸ್‌ನಲ್ಲಿರುವ ನಮ್ಮ ಅಳಿಯ ವಾರಕ್ಕೊಮ್ಮೆ ಫೋನ್ ಮಾಡಿದಾಗ ಕ್ಷೇಮ ಸಮಾಚಾರಕ್ಕಿಂತ ಮೊದಲು ಅಲ್ಲಿಯ ಕಾಲೇಜು ಫುಟ್‌ಬಾಲ್ ತೆಗೆಯುತ್ತಾನೆ. ಅಲ್ಲಿ ಕಾಲೇಜುಗಳು ಗುಂಪು ಕಟ್ಟಿಕೊಂಡಿವೆ, ಗುಂಪಿಗೆ ಕಾನ್ಫರೆನ್ಸ್ ಅನ್ನುತ್ತಾರೆ. ಯಾವ ಗುಂಪು ಗಟ್ಟಿ ಎಂದು ವರ್ಷವಿಡೀ ಜಗಳ. 2023ರಲ್ಲಿ ಫ್ಲೋರಿಡಾ ಸ್ಟೇಟ್ ಎಂಬ ತಂಡ 13 ಪಂದ್ಯ ಆಡಿ 13ನ್ನೂ ಗೆದ್ದಿತು, ತನ್ನ ಗುಂಪಿನ ಚಾಂಪಿಯನ್ ಕೂಡ ಆಯಿತು. ಆದರೆ ಆಗ ಕೊನೆಯ ನಾಲ್ಕು ತಂಡಗಳನ್ನು ಆರಿಸುತ್ತಿದ್ದ ಸಮಿತಿ ಅದನ್ನು ಹೊರಗಿಟ್ಟು, ಒಂದು ಪಂದ್ಯ ಸೋತಿದ್ದ ಅಲಬಾಮಾವನ್ನು ಒಳಗೆ ಕರೆಯಿತು. ಫ್ಲೋರಿಡಾ ಸ್ಟೇಟ್‌ನ ಮುಖ್ಯ ಆಟಗಾರನಿಗೆ ಗಾಯವಾಗಿದೆ ಎಂಬುದು ಕೊಟ್ಟ ಕಾರಣ. ಅಲಬಾಮಾ ಇರುವುದು ದೊಡ್ಡ ಗುಂಪಿನಲ್ಲಿ ಎಂಬುದು ಎಲ್ಲರೂ ಆಡಿಕೊಂಡ ಕಾರಣ.

"ಮಾವಾ, ಆಮ್ಯಾಲೆ ಫ್ಲೋರಿಡಾ ಸ್ಟೇಟ್‌ನವರು ಬೇರೆ ಪಂದ್ಯದಾಗ 63-3 ಸೋತ್ರು. ಸಮಿತಿ ಮಾಡಿದ್ದು ಸರಿನ ಐತಿ" ಎನ್ನುತ್ತಾನೆ ಅಳಿಯ. ಸೋತದ್ದು ಹೌದು. ಹೊರಗೆ ಹಾಕಿದ ಮೇಲೆ ಮನಸ್ಸು ಮುರಿದು ಅರ್ಧಕ್ಕರ್ಧ ಒಳ್ಳೆಯ ಆಟಗಾರರು ಕಣಕ್ಕೇ ಇಳಿಯಲಿಲ್ಲ ಎಂಬುದನ್ನು ಅವನು ಹೇಳುವುದಿಲ್ಲ. ಅವನ ಟೆಕ್ಸಾಸ್ ತಂಡ 2024ರಲ್ಲಿ ಅದೇ ದೊಡ್ಡ ಗುಂಪಿಗೆ ಸೇರಿಕೊಂಡಿದೆ, ಹಾಗಾಗಿ ಅವನಿಗೆ ಆ ಗುಂಪೇ ದೇವರು. ಅದೇ ವರ್ಷ ಪೆಸಿಫಿಕ್ ದಂಡೆಯ ಹಳೆಯ ಗುಂಪೊಂದು ಒಡೆದು, 12ರಲ್ಲಿ 10 ಕಾಲೇಜು ಎದ್ದು ಹೋದವು. ಪೆಸಿಫಿಕ್ ಪಕ್ಕದ ಸ್ಟ್ಯಾನ್‌ಫರ್ಡ್ ಈಗ ಅಟ್ಲಾಂಟಿಕ್ ದಂಡೆಯ ಹೆಸರಿರುವ ಗುಂಪಿನಲ್ಲಿ ಆಡುತ್ತದೆ. ಟಿವಿ ದುಡ್ಡು ಎಲ್ಲಿ ಹರಿಯುತ್ತದೋ ಅಲ್ಲಿಗೆ ಭೂಗೋಳವೂ ಹರಿಯುತ್ತದೆ. ನಮ್ಮ ಪಟ್ಟಿಯವರು ನಿಡಗುಂದಿಯನ್ನು ಕಳೆದು ತಾಳಿಕೋಟಿಯನ್ನು ಕೂಡಿಸಿದ್ದರಲ್ಲಿ ದುಡ್ಡಿಲ್ಲ, ಬರೀ ಹೊಟ್ಟೆಕಿಚ್ಚು ಅಷ್ಟೇ.

ನಮ್ಮ ದೇಶದ ವಿಶ್ವವಿದ್ಯಾಲಯ ಕ್ರೀಡೆಯಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ, ಅದನ್ನು ಹೊಗಳುವವರು ಕಡಿಮೆ. ಭಾರತೀಯ ವಿಶ್ವವಿದ್ಯಾಲಯಗಳ ಸಂಘ ದೇಶವನ್ನು ನಾಲ್ಕು ವಲಯ ಮಾಡಿದೆ. ಕಬಡ್ಡಿಯಂಥ ಆಟಗಳಲ್ಲಿ ವಲಯಕ್ಕೆ ನಾಲ್ಕು ತಂಡದಂತೆ ಮುಂದಿನ ಸುತ್ತಿಗೆ ಹೋಗುತ್ತವೆ. ಹರಿಯಾಣ, ಪಂಜಾಬಿನ ಗಟ್ಟಿಗರಿರುವ ಉತ್ತರಕ್ಕೂ ನಾಲ್ಕೇ, ನಾವಿರುವ ದಕ್ಷಿಣಕ್ಕೂ ನಾಲ್ಕೇ. ಉತ್ತರದ ಐದನೆಯವರು ನಮ್ಮ ನಾಲ್ಕನೆಯವರನ್ನು ಎತ್ತಿ ಬಿಸಾಡಬಹುದು, ಒಪ್ಪುತ್ತೇನೆ. ಆದರೂ ಅವರು ಮನೆಯಲ್ಲಿರಲಿ. ಬಲ ನೋಡಿ ಸೀಟು ಹಂಚಲು ಶುರು ಮಾಡಿದ ದಿನ ಬಲ ಇದ್ದಲ್ಲೇ ಬಲ ಬೆಳೆಯುತ್ತದೆ. ಪಟ್ಟಿಗಳ ಮೇಲೆ ನನಗಿರುವ ಸಿಟ್ಟಿಗೆ ಕಾರಣವೇ ಇದು. ಇವತ್ತು ತಮಾಷೆಗೆ ಮಾಡಿದ ನಂಬರನ್ನು ನಾಳೆ ಯಾರೋ ಅಧಿಕಾರಿ ಅನುದಾನದ ಕಡತಕ್ಕೆ ಪಿನ್ ಹೊಡೆಯುತ್ತಾರೆ.

ಪದಕ ಪಟ್ಟಿಯ ಕಥೆಯೂ ಇಷ್ಟೇ. 2022ರಲ್ಲಿ ಬೆಂಗಳೂರಿನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆದಾಗ ಆತಿಥೇಯ ಜೈನ್ ವಿಶ್ವವಿದ್ಯಾಲಯ 20 ಚಿನ್ನದೊಂದಿಗೆ ಮೊದಲ ಸ್ಥಾನ ಪಡೆಯಿತು. ಗೆದ್ದವರಿಗೆ ಅಭಿನಂದನೆ. ಆದರೆ ಈಜುಕೊಳದಲ್ಲಿ ಒಬ್ಬನೇ ಹುಡುಗ ಹಲವು ಚಿನ್ನ ಗೆಲ್ಲಬಲ್ಲ. ಕಬಡ್ಡಿಯಲ್ಲಿ ಇಡೀ ತಂಡ ವಾರಗಟ್ಟಲೆ ಮೊಣಕಾಲು ಕೆತ್ತಿಸಿಕೊಂಡು ಗೆದ್ದರೂ ಪಟ್ಟಿಯಲ್ಲಿ ಬೀಳುವುದು ಒಂದೇ ಚಿನ್ನ. ಸಿಂದಗಿಯಲ್ಲಿ ಈಜುಗಾರ ಯಾಕೆ ಹುಟ್ಟುವುದಿಲ್ಲ ಎಂದು ಕೇಳುವವರು ಬೇಸಿಗೆಯಲ್ಲಿ ಒಮ್ಮೆ ಸಿಂದಗಿಗೆ ಬಂದು ಹೋಗಲಿ.

ಇನ್ನು ನಮ್ಮ ಗಟ್ಟಿ ಹುಡುಗರು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ. ಪಿಯುಸಿಯಲ್ಲಿ ಚೆನ್ನಾಗಿ ಓಡಿದವನನ್ನು, ಚೆನ್ನಾಗಿ ರೈಡ್ ಮಾಡಿದವನನ್ನು ಮೂಡುಬಿದಿರೆಯ ಆಳ್ವಾಸ್‌ನಂಥ ಸಂಸ್ಥೆ ಕರೆದುಕೊಂಡು ಹೋಗಿ ಊಟ, ವಸತಿ, ಓದು ಎಲ್ಲ ಉಚಿತವಾಗಿ ಕೊಡುತ್ತದೆ. ಅದು ತಪ್ಪೆಂದು ಹೇಳುವ ಕೃತಘ್ನ ನಾನಲ್ಲ. ಇಲ್ಲಿದ್ದರೆ ಅವನಿಗೆ ಸಿಗುತ್ತಿದ್ದುದು ಟೂರ್ನಿ ದಿನದ ಭತ್ಯೆ ಮಾತ್ರ. ಆದರೆ ಅವನು ಗೆದ್ದ ಪದಕ ಮಂಗಳೂರು ವಿಶ್ವವಿದ್ಯಾಲಯದ ಹೆಸರಿನಲ್ಲಿ ಬೀಳುತ್ತದೆ, ನಾವು ಪೇಪರಿನಲ್ಲಿ ಓದಿ "ನಮ್ಮ ಹುಡುಗ" ಎನ್ನುತ್ತೇವೆ. ಹುಡುಗಿಯರದು ಇನ್ನೂ ಸೋಜಿಗ. ಮಹಿಳಾ ಕಾಲೇಜಿಗೆ ಸೇರಿದವಳು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ಪರ ಆಡುತ್ತಾಳೆ. ಅದೇ ಓಣಿಯ ಅವಳ ಗೆಳತಿ ಹುಡುಗ-ಹುಡುಗಿಯರಿಬ್ಬರೂ ಓದುವ ಕಾಲೇಜಿಗೆ ಸೇರಿದರೆ ರಾಣಿ ಚನ್ನಮ್ಮನ ಪರ. ಒಂದೇ ತಾಲೂಕು, ಒಂದೇ ಓಣಿ, ಎರಡು ವಿಶ್ವವಿದ್ಯಾಲಯ. ಆ ಪಟ್ಟಿಯಲ್ಲಿ ಹುಡುಗಿಯರ ಸುದ್ದಿಯೇ ಇರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಈಗ ನನ್ನ ಹಳೆಯ ರಾಗಕ್ಕೆ ಬರುತ್ತೇನೆ. ಈ ಅಂಕಣ ಓದುವವರಿಗೆ ಅದು ಕೇಳಿ ಕೇಳಿ ಸಾಕಾಗಿರಬಹುದು, ನನಗೆ ಸಾಕಾಗಿಲ್ಲ: ಮೈದಾನ. ನಮ್ಮ ನಾಡು ಎರೆಭೂಮಿ. ಮಳೆ ಬಿದ್ದರೆ ಕಾಲು ಹೂಳುತ್ತದೆ, ಬೇಸಿಗೆಗೆ ಅಂಗೈ ತೂರುವಷ್ಟು ಬಿರುಕು. ಇದರ ಮೇಲೆ ಕೆಮ್ಮಣ್ಣು ಹಾಕಿಸಿ, ರೋಲರ್ ಹೊಡೆಸಿ, ನೀರುಣಿಸಿ ದೈಹಿಕ ಶಿಕ್ಷಕರು ಒಂದು ಅಂಕಣ ಸಿದ್ಧ ಮಾಡುತ್ತಾರೆ. ಅಷ್ಟರಲ್ಲಿ ಯಾವುದೋ ಸಮಾವೇಶ ಬರುತ್ತದೆ. ಶಾಮಿಯಾನದ ಗೂಟ ಹುಗಿಯುತ್ತಾರೆ, ಜನರೇಟರ್ ಲಾರಿ ನಿಲ್ಲಿಸುತ್ತಾರೆ, ಸಮಾವೇಶ ಮುಗಿದ ಮೇಲೆ ಗುಂಡಿ ಮುಚ್ಚುವವರು ಯಾರೂ ಇಲ್ಲ. ಕಾಲು ಉಳುಕಿಸಿಕೊಂಡ ಹುಡುಗ ಆ ವರ್ಷದ ಟೂರ್ನಿ ಮರೆಯಬೇಕು.

ಇದರ ಮೇಲೆ ಮ್ಯಾಟ್ ಬಂತು. ದೊಡ್ಡ ಕಬಡ್ಡಿ ಎಲ್ಲ ಈಗ ಮ್ಯಾಟ್ ಮೇಲೆ. ಗಂಡಸರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟು ಮ್ಯಾಟ್ ಹಾಸಿ ಮಳೆಗಾಳಿಯಿಂದ ಕಾಪಾಡಲು ಒಂದು ಸೂರು ಬೇಕು. ಬರಿಗಾಲಲ್ಲಿ ಮಣ್ಣಿನ ಮೇಲೆ ಆಡಿ ಬೆಳೆದವನನ್ನು ಬೂಟು ಹಾಕಿಸಿ ಮ್ಯಾಟ್ ಮೇಲೆ ನಿಲ್ಲಿಸಿದರೆ ಅವನ ಅರ್ಧ ಆಟ ಅಲ್ಲೇ ಹೋಯಿತು. ಮಣ್ಣಿನಲ್ಲಿ ಹಿಮ್ಮಡಿ ಊರಿ ತಿರುಗುತ್ತಿದ್ದವನಿಗೆ ಮ್ಯಾಟ್‌ನಲ್ಲಿ ಬೂಟು ಕಚ್ಚಿ ಹಿಡಿಯುತ್ತದೆ, ಮೊಣಕಾಲು ತಿರುಚುತ್ತದೆ. ಮಹಾನಗರದ ತಂಡ ದಿನಾ ಮ್ಯಾಟ್ ಮೇಲೆ ಆಡುತ್ತದೆ. ಎರಡನ್ನೂ ಒಂದೇ ದಿನ ಎದುರಿಗೆ ನಿಲ್ಲಿಸಿ, ಪಾಯಿಂಟ್ ನೋಡಿ, "ಆ ವಲಯ ಬಲ, ಈ ವಲಯ ದುರ್ಬಲ" ಎಂದು ಬರೆಯುವುದು ಕ್ರೀಡಾ ವಿಶ್ಲೇಷಣೆಯಲ್ಲ, ಗುಮಾಸ್ತಿಕೆ.

ನನ್ನನ್ನು ಕೇಳಿದರೆ ನಾಲ್ಕೂ ತಾಲೂಕುಗಳ ತಂಡಗಳು ವರ್ಷದಲ್ಲಿ ಪರಸ್ಪರ ಒಂದಷ್ಟು ಸಲ ಲೀಗ್ ಆಡಲಿ. ಇಂಡಿಯಲ್ಲಿ ಒಮ್ಮೆ, ಮುದ್ದೇಬಿಹಾಳದಲ್ಲಿ ಒಮ್ಮೆ, ಬಾಗೇವಾಡಿಯ ಮಣ್ಣಿನ ಮೇಲೆ ಒಮ್ಮೆ, ಸಿಂದಗಿಯಲ್ಲಿ ಮ್ಯಾಟ್ ಹಾಸಿ ಒಮ್ಮೆ. ಬಸ್ ಚಾರ್ಜು, ಊಟ ಎರಡಕ್ಕೆ ದುಡ್ಡು ಸಾಕು. ಆಗ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ, ಬಾಗೇವಾಡಿಯವರು ಆಗಲೂ ನಾಲ್ಕನೆಯವರಾದರೆ ನನ್ನ ಗೆಳೆಯರು ಸುಮ್ಮನೆ ಕೂರಬೇಕು.

ಅಲ್ಲಿಯವರೆಗೆ ಬಲದ ಪಟ್ಟಿ ಮಾಡಲೇಬೇಕೆಂದರೆ ಮೊದಲ ಸ್ಥಾನಕ್ಕೆ ನನ್ನ ಶಿಫಾರಸು ಒಂದಿದೆ. ಕ್ರೀಡಾಕೂಟದ ಉದ್ಘಾಟನೆಗೆ ಬಂದು, ಹಾರ ಹಾಕಿಸಿಕೊಂಡು, ಬಿಳಿ ಅಂಗಿಯಲ್ಲೇ ತೊಡೆ ತಟ್ಟಿ ರೈಡ್ ಹೋಗಿ ಫೋಟೋ ತೆಗೆಸಿಕೊಳ್ಳುವ ನಮ್ಮ ಜನಪ್ರತಿನಿಧಿಗಳು. ಎಲ್ಲ ತಾಲೂಕಿನಲ್ಲೂ, ಎಲ್ಲ ಮೈದಾನದಲ್ಲೂ ಆಡಿದ್ದಾರೆ, ಇದುವರೆಗೆ ಒಬ್ಬರೂ ಒಂದು ರೈಡಿನಲ್ಲೂ ಸಿಕ್ಕಿಬಿದ್ದಿಲ್ಲ.