ಬಾಟಲಿ ತರೂದಕ್ಕಿಂತ ಮೊದಲು ಎರಡು ಅಡಿ ಗುಂಡಿ ತಗೀರಿ



ಹೆಸರು ಮುಗದೈತಿ, ಸೋಯಾ ರಾಶಿ ನಡದೈತಿ, ಇನ್ನೇನು ಕಡ್ಲಿ, ಬಿಳಿಜ್ವಾಳದ ಬಿತ್ತಿಗಿ. ಇದೇ ಹೊತ್ತಿಗೆ ಅಂಗಡಿಯಾಗ "ಬೇರು ಬೆಳಸೋ" ಬಾಟಲಿ, ಪಾಕೀಟು ಸಾಲಾಗಿ ನಿಂತಾವ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಹುಬ್ಬಳ್ಳಿ ಕಡೆ ಎರಿ ಹೊಲ ಮಾಡೋರಿಗೆ ನನ್ನ ಮಾತು ಇಷ್ಟ: ಹಿಂಗಾರಿ ಬೆಳಿಗೆ ಬೇರು ಎಷ್ಟು ಆಳಕ್ಕ ಹೋಗತೈತಿ ಅನ್ನೋದೇ ನೀರಾವರಿ. ಆ ಆಳವನ್ನ ಯಾವ ಬಾಟಲಿನೂ ಕೊಡೂದಿಲ್ಲ. ಹಸಿ ಹೊಲದಾಗ ಟ್ರ್ಯಾಕ್ಟರ್ ಹೊಡದು ನಾವು ಅದನ್ನ ಕಳಕೊಳ್ಳಾಕತ್ತೀವಿ.

ಬಾಯಿ ಮಾತು ಬ್ಯಾಡ, ಲೆಕ್ಕ ನೋಡೂಣು. ಒಳ್ಳೆ ಎರಿ ಮಣ್ಣು ಪೂರ್ತಿ ತೊಯ್ದಾಗ, ಬೆಳಿ ಕುಡಿಯಾಕ ಬರೋ ನೀರನ್ನ ಒಂದು ಮೀಟರ್ ಆಳದಾಗ ಸುಮಾರು 150ರಿಂದ 200 ಮಿ.ಮೀ. ಹಿಡಿದಿಟ್ಕೊಂತೈತಿ. ಒಂದು ಎಕರೆಕ್ಕ 1 ಮಿ.ಮೀ. ಅಂದ್ರ ಸುಮಾರು 4 ಸಾವಿರ ಲೀಟರ್. ಈಗ ಒಬ್ಬರ ಹೊಲದಾಗ ಕಡ್ಲಿ ಬೇರು ಒಂದು ಅಡಿಗೆ ನಿಂತೈತಿ, ಬಾಜೂ ಹೊಲದಾಗ ಮೂರು ಅಡಿ ಇಳದೈತಿ ಅನ್ರಿ. ಎರಡರ ನಡುವಿನ ಫರಕ್ ಹತ್ತಿರಹತ್ತಿರ 100 ಮಿ.ಮೀ. ಅಂದ್ರ ಎಕರೆಕ್ಕ 4 ಲಕ್ಷ ಲೀಟರ್. 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಾಗ 80 ಟ್ಯಾಂಕರ್! ಅಷ್ಟು ನೀರು ನಮ್ಮ ಹೊಲದಾಗನ ಇದ್ದೂ ಬೆಳಿಗೆ ಸಿಗಲಿಲ್ಲ ಅಂದ್ರ, ಮೊದಲು ನೋಡಬೇಕಾದ್ದು ಮುಗಿಲಲ್ಲ, ನೆಲ.

ಬೇರು ನೀರು ಕುಡಿಯೋ ರೀತಿ ತಿಳಕೊಂಡ್ರ ಇದು ಇನ್ನೂ ಸ್ಪಷ್ಟ ಆಗತೈತಿ. ಬೇರಿನ ತುಂಬ ಎಲ್ಲಾ ಕಡೆ ಒಂದೇ ಸಮ ನೀರು ಎಳಿಯೂದಿಲ್ಲ. ತುದಿಗೆ ಟೋಪಿ ಹಾಕಿದಂಗ ಒಂದು ಕವಚ ಇರತೈತಿ, ಅದು ಜಿಗುಟು ಲೋಳಿ ಬಿಟ್ಕೋತ ಮಣ್ಣಾಗ ದಾರಿ ಮಾಡತೈತಿ. ಅದರ ಹಿಂದ ಬೇರು ಉದ್ದ ಆಗೋ ಜಾಗ. ಅದರ ಹಿಂದ ಕಣ್ಣಿಗೆ ಬೂದಿ ಮೆತ್ತಿದಂಗ ಕಾಣೋ ಸಣ್ಣ ಬೇರುಕೂದಲು. ನೀರು, ಗೊಬ್ಬರದ ಸಾರ ಹೆಚ್ಚಾಗಿ ಒಳಗ ಹೋಗೂದು ಇಲ್ಲೇ. ಈ ಕೂದಲಿಗೆ ಆಯುಷ್ಯ ಕಡಿಮಿ, ಹಳೇವು ಸಾಯ್ತಾವ, ತುದಿ ಮುಂದ ಹೋದಂಗ ಹೊಸಾವು ಹುಟ್ತಾವ. ಮ್ಯಾಲಿನ ದಪ್ಪ ಬೇರು ಅಂದ್ರ ಬರೇ ಪೈಪು ಮತ್ತ ಗೂಟ. ಹಿಂಗಾಗಿ ತುದಿ ನಿಂತ್ರ ಕಥಿ ಮುಗೀತು. ಸುತ್ತಲಿನ ನೀರು ಕುಡಿದು ಬೆಳಿ ಬಾಯಿ ಬಿಟ್ಕೊಂಡು ನಿಲ್ಲತೈತಿ. ಡಿಎಪಿದಾಗಿನ ರಂಜಕನೂ ಹಂಗ, ಹಾಕಿದ ಜಾಗ ಬಿಟ್ಟು ಹೆಚ್ಚು ಸರಿಯೂದಿಲ್ಲ, ಬೇರೇ ಅದರ ಹಂತ್ಯಾಕ ಹೋಗಬೇಕು.

ತುದಿ ಯಾಕ ನಿಲ್ಲತೈತಿ? ಹಸಿ ಇದ್ದಾಗ ಟ್ರ್ಯಾಕ್ಟರ್ ಗಾಲಿ ಹತ್ತಿದ್ರ, ವರ್ಷಾ ಅದೇ ಆಳಕ್ಕ ರೋಟಾವೇಟರ್ ಹೊಡದ್ರ, ಅದರ ಬುಡಕ ಒಂದು ಗಟ್ಟಿ ಪದರ ಕೂಡತೈತಿ. ಮ್ಯಾಲೆ ಮಣ್ಣು ಹಿಟ್ಟಿನಂಗ, ಕೆಳಗ ಗಚ್ಚಿನಂಗ. ಅಲ್ಲಿ ಬೇರಿಗೆ ಸಂದೂ ಇಲ್ಲ, ಗಾಳಿನೂ ಇಲ್ಲ. ಗಾಳಿ ಇಲ್ಲದ ಕಡೆ ಬೇರಿಗೆ ಉಸಿರಾಟ ಆಗೂದಿಲ್ಲ.

"ಎರಿ ಹೊಲ ತಾನ ಬಿರಿಯತೈತಿ, ತಾನ ರಿಪೇರಿ ಮಾಡ್ಕೊಂತೈತಿ" ಅಂತ ಹಿರ್ಯಾರು ಹೇಳ್ತಾರ. ಆ ಮಾತಿನಾಗ ಸತ್ಯ ಐತಿ. ನಮ್ಮ ಮಣ್ಣು ತೊಯ್ದಾಗ ಉಬ್ಬಿ, ಒಣಗಿದಾಗ ಬಿರಿಯೂದ್ರಿಂದ ಗಟ್ಟಿತನ ಸ್ವಲ್ಪ ಒಡಿಯತೈತಿ. ಆದ್ರ ಆ ಮಾತು ಎತ್ತು-ಕುಂಟಿ ಕಾಲದ್ದು. ಬಿರುಕು ಬಿಡೂದು ಮಾರು ದೂರಕ್ಕೊಂದು, ನಡುವಿನ ಹೆಂಟಿ ಹಂಗ ಗಟ್ಟಿ ಉಳಿಯತೈತಿ. ಒಂದು ವರ್ಷದ ಬಿರುಕಿಗೆ ಒಡಿಯೂದಕ್ಕಿಂತ ಹೆಚ್ಚು ನಾವು ವರ್ಷಕ್ಕ ನಾಕೈದು ಸಲ ತುಳಿತೀವಿ.

ಬೇರಿನ ಸಂಕಟ ಕಾಂಡದಾಗ ಹೆಂಗ ಕಾಣತೈತಿ ಅನ್ನೂದಕ್ಕ ಬಿಳಿಜ್ವಾಳ ನೋಡ್ರಿ. ಬೀಜದಿಂದ ಮೊದಲು ಬರೂದು ಒಂದೇ ಬೇರು. ಬೆಳಿ ಹೊತ್ತು ನಿಲ್ಲೋ ಖರೇ ಬೇರು ಆಮ್ಯಾಲೆ ಕಾಂಡದ ಕೆಳಗಿನ ಗಣ್ಣಿನಿಂದ ಸುತ್ತೂ ಹೊಂಡ್ತಾವ. ಆ ಹೊತ್ತಿಗೆ ಮ್ಯಾಲಿನ ಮಣ್ಣು ಪೂರ್ತಿ ಒಣಗಿದ್ರ ಅವು ಇಳಿಯೂದಿಲ್ಲ, ದಂಟು ಒಂದೇ ಎಳಿ ಬೇರಿನ ಮ್ಯಾಲೆ ಜೋತಾಡತೈತಿ. ಹೊತ್ತಿಗೆ ಸರಿಯಾಗಿ ಎಡಿ ಹೊಡದು ಬಿರುಕು ಮುಚ್ಚಬೇಕು ಅನ್ನೂದು ಬರೇ ಕಸಕ್ಕಲ್ಲ, ಹಸಿ ಉಳಸಾಕ ಕೂಡ.

ಮುಂದ ತೆನಿ ಕಾಳು ಕಟ್ಟೋ ಕಾಲ. ನೀರು ಸಾಲದಿದ್ರ ಎಲಿ ಅಡಗಿ ಮಾಡೂದು ಕಡಿಮಿ ಆಗತೈತಿ, ತೆನಿ ಮಾತ್ರ ಬೇಡೂದು ಬಿಡೂದಿಲ್ಲ. ಆಗ ಕಾಂಡದಾಗ ಕೂಡಿಟ್ಟ ಸಕ್ಕರಿನ ಮ್ಯಾಲಕ್ಕ ಹೋಗತೈತಿ. ಹಿಂಗ ಸೊರಗಿದ ದಂಟಿಗೆ ಮಣ್ಣಾಗಿನ ಶಿಲೀಂಧ್ರ ಬೇರಿನ ಮೂಲಕ ಏರತೈತಿ. ಇದೇ ಇದ್ದಿಲು ಕಾಂಡ ಕೊಳೆ ರೋಗ. ದಂಟು ಸೀಳಿ ನೋಡಿದ್ರ ಒಳಗಿನ ತಿರುಳು ಹೋಗಿ ನಾರು ಉಳಿದು, ಅದರ ಮ್ಯಾಲೆ ಇದ್ದಿಲ ಪುಡಿ ಉದುರಿಸಿದಂಗ ಕರೀ ಚುಕ್ಕಿ. ಬೆಳಿ ಮಲಗಿದ್ರ ನಾವು ಗಾಳಿಗೆ ಬೈತೀವಿ. ಗಾಳಿ ಬರೇ ಕೊನೀ ದೂಡು ದೂಡಿರತೈತಿ, ದಂಟು ಒಳಗಿಂದ ಮೊದಲ ಖಾಲಿ ಆಗಿರತೈತಿ.

ಕಡ್ಲಿದಾಗ ಇನ್ನೊಂದು ತಿಳಕೋಬೇಕು. ಗಿಡ ಬಾಡಾಕತ್ತಿದ್ರ ಎಲ್ಲಾ ಒಂದೇ ಕಾರಣ ಅಲ್ಲ. ಬುಡದ ಹತ್ರ ಕಾಂಡ ಉದ್ದಕ್ಕ ಸೀಳ್ರಿ. ನಡುವ ಕಂದು-ಕಪ್ಪು ಗೆರಿ ಇದ್ರ ಅದು ನೆಟೆ ರೋಗ. ನೀರು ಒಯ್ಯೋ ಕೊಳವಿಯೊಳಗನ ಶಿಲೀಂಧ್ರ ಕುಂತಿರತೈತಿ. ಅದಕ್ಕ ಬೇರಿನ ಟಾನಿಕ್ ಹಾಕೂದು ಮುಚ್ಚಿದ ಪೈಪಿಗೆ ಮೋಟರ್ ಚಾಲೂ ಮಾಡಿದಂಗ. ಅದಕ್ಕ ಉಪಾಯ ಬೀಜದಾಗ ಐತಿ: ರೋಗ ತಡಿಯೋ ತಳಿ, ಬೀಜೋಪಚಾರ, ಬೆಳಿ ಬದಲಾವಣೆ. ಜೆಜಿ-11ಕ್ಕ ಈ ತಡಿಯೋ ಗುಣ ಐತಿ. ನಮ್ಮ ಹಳೇ ಅಣ್ಣಿಗೇರಿ-1ಕ್ಕೂ ಅದೇ ಗುಣ ಸೇರಿಸಿ ಸೂಪರ್ ಅಣ್ಣಿಗೇರಿ-1 ತಂದಾರ. ಗೆರಿ ಇಲ್ಲ, ಬೇರು ಮಾತ್ರ ಮೊಳಕೈ ಮಡಚಿದಂಗ ಅಡ್ಡ ತಿರುಗೈತಿ ಅಂದ್ರ, ಅದು ಗಟ್ಟಿ ಪದರದ ಕೆಲಸ. ಬೇರಿನ ಗಂಟನ್ನೂ ಉಗುರಿನಿಂದ ಒಡದು ನೋಡ್ರಿ. ಒಳಗ ಗುಲಾಬಿ ಬಣ್ಣ ಇದ್ರ ಸಾರಜನಕದ ಕೆಲಸ ನಡದೈತಿ.

ಹಂಗಂತ ಬಾಟಲಿ ಎಲ್ಲಾ ಮೋಸ ಅನ್ನೂದಿಲ್ಲ. ಕೆಲವು ಎಳೇ ಬೇರಿಗೆ ಸ್ವಲ್ಪ ಚುರುಕು ಕೊಡಬಹುದು. ಆದ್ರ ಗಚ್ಚು ಒಡಿಯೋ ಬಾಟಲಿ ಇಲ್ಲ. ರೋಗ ಯಾವುದು ಅಂತ ನೋಡದ ರೊಕ್ಕ ಹಾಕೂದು ನನಗ ಒಪ್ಪಿಗಿ ಇಲ್ಲ.

ಹಂಗಾದ್ರ ಮಾಡೂದೇನು?

ಒಂದು, ಟ್ರ್ಯಾಕ್ಟರ್ ಇಳಿಸೂದಕ್ಕಿಂತ ಮೊದಲು ಒಂದು ಗೇಣು ಆಳದ ಮಣ್ಣು ತಗೊಂಡು ಅಂಗೈಯಾಗ ಶಾವಿಗಿ ಹೊಸದಂಗ ಹೊಸೀರಿ. ಎಳಿ ಬಂದ್ರ ಇನ್ನೂ ಹಸಿ ಐತಿ, ತಡೀರಿ. ಪುಡಿ ಆದ್ರ ಇಳಸ್ರಿ. "ಟ್ರ್ಯಾಕ್ಟರ್ ಪಾಳಿ ತಪ್ಪಿದ್ರ ಮತ್ತ ಸಿಗೂದಿಲ್ಲ, ಹಸಿನೂ ಆರತೈತಿ" ಅನ್ನೂದು ನನಗೂ ಗೊತ್ತೈತಿ. ಬಾಡಿಗಿ ಟ್ರ್ಯಾಕ್ಟರ್ ನಂಬಿದವರಿಗೆ ಇದು ದೊಡ್ಡ ಇಕ್ಕಟ್ಟು. ಅದಕ್ಕ ಬಾಜೂ ಹೊಲದವರು ಕೂಡಿ ಮಾತಾಡಿ, ಒಣ ಹೊಲ ಮೊದಲು, ಹಸಿ ಹೊಲ ಆಮ್ಯಾಲೆ ಅಂತ ಪಾಳಿ ಹಚ್ಚಿಕೊಳ್ಳೂದು ಒಳ್ಳೇದು. ಎರಡು ದಿನ ತಡದ್ರ ಮ್ಯಾಲಿನ ಸ್ವಲ್ಪ ಹಸಿ ಹೋಗಬಹುದು, ತುಳದು ಕೂರಿಸಿದ ಪದರ ಮಾತ್ರ ವರ್ಷಗಟ್ಟಲೆ ಇರತೈತಿ.

ಎರಡು, ರಾಶಿ ಮಷೀನು, ಟ್ರೇಲರ್ ಹೊಲದ ತುಂಬ ಓಡಾಡೂದು ಬ್ಯಾಡ. ಹೋದ ಜಾಡಿನಾಗನ ವಾಪಸ್ ಬರಲಿ.

ಮೂರು, ಬೇರಿನಿಂದನ ನೆಲ ಒಡಸ್ರಿ. ಕುಸುಬಿ ಬೇರು ಎರಡು ಮೀಟರಿಗೂ ಕೆಳಗ ಹೋಗಬಲ್ಲದು. ತೊಗರಿನೂ ಆಳದ ಬೇರಿಂದು. ಅವು ಸತ್ತು ಕೊಳತ ಮ್ಯಾಲೆ ಉಳಿಯೋ ತೂತಿನಾಗ ಮುಂದಿನ ಬೆಳಿ ಬೇರು ಸಲೀಸಾಗಿ ಇಳಿಯತೈತಿ. ಜ್ವಾಳದಾಗ ಕುಸುಬಿ ಅಕ್ಕಡಿ ಸಾಲು ಹಾಕೂದನ್ನ ನಾವು ಮುಳ್ಳಿನ ಕಿರಿಕಿರಿಗೆ, ಕೂಲಿ ಸಿಗದ್ದಕ್ಕ ಬಿಟ್ಟೀವಿ. ಎಣ್ಣಿ ಜೊತಿಗೆ ಆ ಪುಕ್ಕಟೆ ನೇಗಿಲನ್ನೂ ಬಿಟ್ಟಂಗಾಗೈತಿ.

ನಾಕು, ಗುಂಡಿಯಾಗ ಪದರ ಕಂಡವರು ಮಾತ್ರ ಬ್ಯಾಸಗಿಯಾಗ, ನೆಲ ಪೂರ್ತಿ ಒಣಗಿದ ಮ್ಯಾಲೆ ಚಿಸೆಲ್ ನೇಗಿಲು ಹಾಕಸ್ರಿ. ಹಸಿ ಇದ್ದಾಗ ಹಾಕಿದ್ರ ನೆಲ ಒಡಿಯೂದಿಲ್ಲ, ಬೆಣ್ಣ್ಯಾಗ ಚಾಕು ಎಳದಂಗ ಗೆರಿ ಬೀಳತೈತಿ ಅಷ್ಟ.

ಗುಂಡಿಗೆ ಬೇಕಾಗೂದು ಒಂದು ಸಲಿಕಿ, ಅರ್ಧ ತಾಸು. ಬಿತ್ತಿ 30-35 ದಿನ ಆದ ಮ್ಯಾಲೆ ಸಾಲಿನ ಬಾಜೂಕ ಎರಡು ಅಡಿ ಆಳ ತಗೀರಿ. ಗಿಡ ಜಗ್ಗಿ ಕೀಳಬ್ಯಾಡ್ರಿ, ಜಗ್ಗಿದ್ರ ತುದಿ ನೆಲದಾಗನ ಹರಕೊಂಡು ಉಳಿಯತೈತಿ. ಗುಂಡಿ ಗ್ವಾಡಿ ಮ್ಯಾಲೆ ನೀರು ಚಿಮುಕಿಸಿ ಮೆತ್ತಗ ಮಣ್ಣು ಬಿಡಸ್ರಿ. ಒಂದು ಗುಂಡಿ ಗಾಲಿ ಓಡಾಡಿದ ಕಡೆ, ಇನ್ನೊಂದು ಬದುವಿನ ಹತ್ರ ಗಾಲಿ ಹತ್ತದ ಕಡೆ. ಎರಡೂ ಬೇರು ಜೋಡಿಸಿಟ್ಟು ನೋಡ್ರಿ, ಯಾರ ಮಾತೂ ಕೇಳಬೇಕಾಗಿಲ್ಲ.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಮೇಳಕ್ಕ ಹೋದಾಗೂ ನಾವು ತೆನಿ ನೋಡ್ತೀವಿ, ಕಾಯಿ ಎಣಿಸ್ತೀವಿ, ಬರ್ತೀವಿ. ಮುಂದಿನ ಸಲ "ಈ ತಳಿ ಬೇರು ತೋರಿಸ್ರಿ, ಎಷ್ಟು ಆಳ ಹೋಗತೈತಿ" ಅಂತ ಕೇಳ್ರಿ. ನಾವು ಕೇಳಿದ್ರ ಅವರೂ ತೋರಿಸ್ತಾರ.

ಈ ಹಿಂಗಾರಿಗೆ ಹಸಿರು ಹೊಲದ ಫೋಟೋ ಬ್ಯಾಡ, ಬೇರಿನ ಫೋಟೋ ಹಾಕ್ರಿ. ಬಾಜೂಕ ಒಂದು ಅಡಿಪಟ್ಟಿ ಇಡ್ರಿ. ಊರು, ಮಣ್ಣು, ಹಿಂದಿನ ಬೆಳಿ, ರೋಟಾವೇಟರ್ ಎಷ್ಟು ಸಲ ಹೊಡದೀರಿ ಅನ್ನೂದು ಬರೀರಿ. ನನ್ನ ಮಾತು ನಿಮ್ಮ ಹೊಲಕ್ಕ ಹೊಂದಲಿಲ್ಲ ಅಂದ್ರ ಅದನ್ನೂ ಬರೀರಿ, ಕೂಡಿ ನೋಡೂಣು.