ಹಳೆಯ ಸ್ಪೋರ್ಟ್ಸ್ ಕಾರು: ಪುಸ್ತಕದ ಬೆಲೆ, ಬಳಕೆಯ ಬೆಲೆ

ಎರಡು ಲಕ್ಷ ಕಿಲೋಮೀಟರ್ ದಾಟಿದ ಸ್ಪೋರ್ಟ್ಸ್ ಕಾರನ್ನು ಪ್ರತಿನಿತ್ಯ ಕಚೇರಿಗೆ ಬಳಸುವವನನ್ನು ವ್ಯಾಪಾರಿ ವಲಯವು ಶೋಕಿಲಾಲನೆಂದೋ ಲೆಕ್ಕ ತಿಳಿಯದವನೆಂದೋ ಭಾವಿಸುವುದುಂಟು. ಈ ತೀರ್ಪಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಲೆಕ್ಕಪುಸ್ತಕದ ಬೆಲೆಯನ್ನೇ ವಸ್ತುವಿನ ಆಯುಷ್ಯವೆಂದು ಓದುವ ಅಭ್ಯಾಸದಿಂದ ಬಂದದ್ದು. ಆದಾಯ ತೆರಿಗೆಯ ಲೆಕ್ಕದಲ್ಲಿ ಮೋಟಾರು ಕಾರಿಗೆ ಉಳಿದ ಮೌಲ್ಯದ ಮೇಲೆ ಸಾಮಾನ್ಯವಾಗಿ ವರ್ಷಕ್ಕೆ ಶೇ. 15ರ ಸವಕಳಿ. ಹತ್ತು ಲಕ್ಷ ರೂಪಾಯಿಯ ಕಾರು 15 ವರ್ಷಗಳ ಪೂರ್ಣ ಸವಕಳಿಯ ನಂತರ ಸುಮಾರು 87,000 ರೂಪಾಯಿಗೆ ಇಳಿಯುತ್ತದೆ. ಇದು ತೆರಿಗೆಗಾಗಿ ಹಾಕಿದ ಅಂಕಿಯೇ ಹೊರತು ಎಂಜಿನ್ನಿನ ಆರೋಗ್ಯ ತಪಾಸಣೆಯ ವರದಿಯಲ್ಲ.

ಜಪಾನಿನ ಮಾಜ್ದಾ ಸಂಸ್ಥೆಯ ಎಂಎಕ್ಸ್-5 ಇದಕ್ಕೆ ಉತ್ತಮ ಉದಾಹರಣೆ. 1989ರ ಫೆಬ್ರವರಿಯಲ್ಲಿ ಶಿಕಾಗೋ ವಾಹನ ಪ್ರದರ್ಶನದಲ್ಲಿ ಅನಾವರಣಗೊಂಡ ಈ ಎರಡು ಆಸನಗಳ ತೆರೆದ ಕಾರು 2016ರಲ್ಲಿ ಹತ್ತು ಲಕ್ಷದ ಉತ್ಪಾದನೆಯನ್ನು ಮುಟ್ಟಿತು. ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಇದರ ಹಳೆಯ ಕಾರುಗಳು ಇಂದಿಗೂ ರಸ್ತೆಯಲ್ಲಿವೆ. ಇದಕ್ಕೆ ಕಾರಣ ಪವಾಡವೇನಲ್ಲ. ಸರಳ ಯಂತ್ರ, ಕಡಿಮೆ ತೂಕ, ದೊರೆಯುವ ಬಿಡಿಭಾಗ ಮತ್ತು ವೇಳಾಪಟ್ಟಿಯನ್ನು ಪಾಲಿಸುವ ಮಾಲೀಕ, ಇಷ್ಟೇ.

ವೇಳಾಪಟ್ಟಿಯೇ ಇಲ್ಲಿ ಮುಖ್ಯ. ಮೊದಲ ತಲೆಮಾರಿನ ಎಂಎಕ್ಸ್-5ಗೆ ಅಮೆರಿಕದಲ್ಲಿ 60,000 ಮೈಲಿಗೊಮ್ಮೆ, ಅಂದರೆ ಸುಮಾರು 96,000 ಕಿಲೋಮೀಟರಿಗೊಮ್ಮೆ, ಟೈಮಿಂಗ್ ಬೆಲ್ಟ್ ಬದಲಿಸುವ ಪದ್ಧತಿಯಿದೆ. ವಾಟರ್ ಪಂಪ್ ತಲುಪಲು ಅದೇ ಬೆಲ್ಟನ್ನು ಬಿಚ್ಚಬೇಕು. ಆದ್ದರಿಂದ ತಿಳಿದವರು ಪಂಪ್ ಸೋರದಿದ್ದರೂ ಬೆಲ್ಟಿನೊಂದಿಗೇ ಬದಲಿಸುತ್ತಾರೆ. ಒಂದೇ ಕೂಲಿಯಲ್ಲಿ ಎರಡು ಕೆಲಸ ಮುಗಿಯುತ್ತದೆ. "ಕೆಟ್ಟ ಮೇಲೆ ನೋಡೋಣ" ಎನ್ನುವ ಮಾಲೀಕನು ಅದೇ ಕೂಲಿಯನ್ನು ಎರಡು ಬಾರಿ ತೆರುತ್ತಾನೆ. ರಬ್ಬರ್ ಮೆದುಗೊಳವೆಗಳಿಗೂ ಕೂಲೆಂಟಿಗೂ ಓಡಿದ ದೂರಕ್ಕಿಂತ ಕಳೆದ ವರ್ಷಗಳೇ ಹೆಚ್ಚು ಶತ್ರು. ಕಡಿಮೆ ಓಡಿದ ಕಾರೇ ಉತ್ತಮವೆಂಬ ನಂಬಿಕೆ ಇಲ್ಲಿ ಸೋಲುತ್ತದೆ. ಇನ್ನು ತುಕ್ಕಿನ ವಿಷಯ. ಬಟ್ಟೆಯ ಮೇಲ್ಛಾವಣಿಯ ನೀರು ಹರಿದುಹೋಗುವ ಸಣ್ಣ ರಂಧ್ರಗಳು ಎಲೆ, ಧೂಳಿನಿಂದ ಕಟ್ಟಿಕೊಂಡರೆ ಬಾಗಿಲ ಕೆಳಗಿನ ಉಕ್ಕು ಒಳಗಿಂದಲೇ ಕೊಳೆಯುತ್ತದೆ. ಹತ್ತು ನಿಮಿಷದ ಶುಚಿಗೊಳಿಸುವಿಕೆಯನ್ನು ಮರೆತುದಕ್ಕೆ ತಗಡು ಕತ್ತರಿಸಿ ಬೆಸುಗೆ ಹಾಕಿಸುವ ದಂಡ!

ಈಗ ಜಮಾ-ಖರ್ಚಿಗೆ ಬರೋಣ. ಹತ್ತು ಲಕ್ಷ ರೂಪಾಯಿಯ ಸಾಲ, ಶೇ. 9ರ ಬಡ್ಡಿ, ಐದು ವರ್ಷಗಳ ಅವಧಿ ಎಂದಿಟ್ಟುಕೊಂಡರೆ ಹೊಸ ಕಾರಿನ ಕಂತು ವರ್ಷಕ್ಕೆ ಸುಮಾರು 2.49 ಲಕ್ಷ ರೂಪಾಯಿ. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಹಳೆಯ ಕಾರಿಗೆ ಕಿಲೋಮೀಟರಿಗೆ ನಾಲ್ಕು ರೂಪಾಯಿಯಂತೆ ದುರಸ್ತಿ ನಿಧಿ ತೆಗೆದಿಟ್ಟರೂ ವರ್ಷಕ್ಕೆ 48,000. ಆದರೆ ಈ ಹೋಲಿಕೆ ನಿಧಿಯನ್ನು ನಿಜವಾಗಿ ತೆಗೆದಿಡುವವನಿಗೆ ಮಾತ್ರ ಅನ್ವಯಿಸುತ್ತದೆ. ಕಾರು ಗ್ಯಾರೇಜಿನಲ್ಲಿ ನಿಂತ ದಿನದ ನಷ್ಟವನ್ನೂ ಸೇರಿಸಬೇಕು. ಬದಲಿ ವಾಹನವಿಲ್ಲದವನು ಈ ಸಾಹಸಕ್ಕೆ ಇಳಿಯದಿರುವುದೇ ಲೇಸು.

ಕಾರು ವ್ಯವಹಾರದ ಹೆಸರಿನಲ್ಲಿದ್ದರೆ ಮತ್ತಷ್ಟು ಎಚ್ಚರ ಬೇಕು. ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚವಲ್ಲ ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಸ್ವಂತ ಬಳಕೆಯ ಪಾಲನ್ನು ಖರ್ಚಿನಿಂದ ಕಳೆಯಬೇಕು. ಸಾಮಾನ್ಯ ವರ್ತಕನಿಗೆ ಇಂತಹ ಕಾರಿನ ದುರಸ್ತಿಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆಯೂ ದೊರೆಯದು. ವೆಚ್ಚದ ಅಂದಾಜಿನಲ್ಲಿ ಈ ತೆರಿಗೆಯನ್ನು ಸೇರಿಸದವರೇ ಹೆಚ್ಚು.

ಸಣ್ಣ ತಯಾರಕರು ಗಮನಿಸಬೇಕಾದ ಇನ್ನೊಂದು ಮುಖವಿದೆ. ಮಾಜ್ದಾ ಸಂಸ್ಥೆಯು 2017ರಲ್ಲಿ ಜಪಾನಿನಲ್ಲಿ ಮೊದಲ ತಲೆಮಾರಿನ ಈ ಕಾರುಗಳ ಪುನರುದ್ಧಾರ ಸೇವೆಯನ್ನು ಪ್ರಕಟಿಸಿ, ಮೇಲ್ಛಾವಣಿ, ಮರದ ಸ್ಟೀರಿಂಗ್ ಚಕ್ರ ಮುಂತಾದ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು. ಬ್ರಿಜ್‌ಸ್ಟೋನ್ ಸಂಸ್ಥೆಯು ಹಳೆಯ ಅಳತೆಯ ಟೈರನ್ನು ಪುನಃ ಒದಗಿಸಿತು. ಹಳೆಯ ಕಾರುಗಳು ಓಡುತ್ತಿರುವಷ್ಟು ಕಾಲ ಅವುಗಳ ಬಿಡಿಭಾಗಗಳಿಗೆ ಗಿರಾಕಿ ಇದ್ದಾನೆ. ಅವನಿಗೆ ಬೇಕಾಗುವುದು ನೂರರ ಲೆಕ್ಕದಲ್ಲಿ, ಲಕ್ಷದ ಲೆಕ್ಕದಲ್ಲಲ್ಲ. ದೊಡ್ಡ ಕಾರ್ಖಾನೆಗೆ ಇದು ಬೇಡದ ವ್ಯಾಪಾರ. ಪೀಣ್ಯದ ಯಂತ್ರಶಾಲೆಗಳಿಗೂ ಬೆಳಗಾವಿಯ ಎರಕ ಘಟಕಗಳಿಗೂ ಇಂತಹ ಅಲ್ಪ ಪ್ರಮಾಣದ ಕೆಲಸ ಹೊಸದೇನಲ್ಲ. ಮೂಲ ಸಂಸ್ಥೆಯ ಹೆಸರು, ಚಿಹ್ನೆಗಳನ್ನು ಅನುಮತಿಯಿಲ್ಲದೆ ಅಚ್ಚು ಹಾಕುವಂತಿಲ್ಲ. ವಿಚಾರಣೆ ಬಂದಾಗ ಮಾದರಿ ತುಂಡಿನ ಜೊತೆಗೆ ನಕ್ಷೆ, ವಸ್ತುವಿನ ದರ್ಜೆ, ರಬ್ಬರ್ ಆದರೆ ಗಡಸುತನ, ಹಾಗೂ ಅಚ್ಚಿನ ವೆಚ್ಚ ಯಾರದೆಂಬುದನ್ನು ಬರಹದಲ್ಲಿ ಪಡೆದ ನಂತರವೇ ದರ ತಿಳಿಸುವುದು ಕ್ಷೇಮ.