ಹಳೆಯ ಐಷಾರಾಮಿ ಕಾರು: ಕೊಳ್ಳುವ ಮುನ್ನ ಕೆಲವು ಮಾತು

ಮನೆಗೊಂದು ವಾಹನ ಬೇಕೆನ್ನುವುದು ಇಂದು ಭೋಗದ ಮಾತಾಗಿ ಉಳಿದಿಲ್ಲ. ಮದುವೆ, ಜಾತ್ರೆ, ಆಸ್ಪತ್ರೆ, ಮಕ್ಕಳ ಕಾಲೇಜು ಎಂದು ಓಡಾಡುವ ಕುಟುಂಬಕ್ಕೆ ಕಾರು ಅವಶ್ಯಕ ವಸ್ತುವೇ ಆಗಿದೆ. ಆದರೆ ಈಚೆಗೆ ನಮ್ಮ ಓದುಗ ಬಂಧುಗಳು ಕೇಳುತ್ತಿರುವ ಪ್ರಶ್ನೆ ಇದಕ್ಕಿಂತ ಕೊಂಚ ಬೇರೆಯದು. "ಹೊಸ ಸಾಧಾರಣ ಕಾರಿನ ಬೆಲೆಗೇ ಏಳೆಂಟು ವರ್ಷ ಓಡಿದ ಬಿಎಂಡಬ್ಲ್ಯು ಸಿಗುತ್ತದೆ, ಆಡಿ ಸಿಗುತ್ತದೆ ಎಂದು ಮಗ ಹಟ ಹಿಡಿದಿದ್ದಾನೆ. ಕೊಳ್ಳಬಹುದೆ?" ಎಂದು ತಂದೆಯರು ಕೇಳುತ್ತಾರೆ. ಕೊಳ್ಳಬಹುದು ಎಂಬುದೇ ನಮ್ಮ ಉತ್ತರ. ಆದರೆ ಕೊಳ್ಳುವ ಬೆಲೆಯೊಂದನ್ನೇ ನೋಡಿ ಕೊಂಡರೆ ವರ್ಷ ತುಂಬುವುದರೊಳಗೆ ಮನೆಯ ಉಳಿತಾಯವೇ ಕರಗಿ ಹೋದೀತು. ಆದ್ದರಿಂದ ಈ ಸಲದ ಅಂಕಣವನ್ನು ಈ ವಿಚಾರಕ್ಕೇ ಮೀಸಲಿಟ್ಟಿದ್ದೇವೆ.

ಸ್ಪೋರ್ಟ್ಸ್ ಸೆಡಾನ್ ಎಂದರೆ ಏನೆಂಬುದನ್ನು ಮೊದಲು ತಿಳಿಯೋಣ. ನಾಲ್ಕು ಬಾಗಿಲು, ಐವರಿಗೆ ಆಸನ, ಹಿಂದೆ ಸಾಮಾನಿಗೆ ಡಿಕ್ಕಿ. ಹೊರನೋಟಕ್ಕೆ ಇದು ಸಂಸಾರದ ಕಾರೇ. ಆದರೆ ಅದರ ಎಂಜಿನ್, ಬ್ರೇಕು, ಸ್ಟೀರಿಂಗ್ ಮೊದಲಾದವೆಲ್ಲ ವೇಗವನ್ನೂ ತಿರುವುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ರೂಪಿತವಾದವು. ಜರ್ಮನಿಯ ಬಿಎಂಡಬ್ಲ್ಯು ಕಂಪನಿ ೧೯೭೫ರಲ್ಲಿ ಆರಂಭಿಸಿದ ೩ ಸರಣಿಯ ಕಾರುಗಳು ಈ ಬಗೆಗೆ ಹೆಸರುವಾಸಿಯಾದವು. ನಮ್ಮ ದೇಶಕ್ಕೆ ಮರ್ಸಿಡಿಸ್ ಬೆಂಜ್ ೧೯೯೪ರಲ್ಲಿ ಬಂದು ಪುಣೆಯಲ್ಲಿ ನೆಲೆಯೂರಿತು. ಬಿಎಂಡಬ್ಲ್ಯು ೨೦೦೭ರಲ್ಲಿ ಚೆನ್ನೈ ಸಮೀಪದಲ್ಲಿ ಕಾರುಗಳ ಜೋಡಣೆಯನ್ನು ಪ್ರಾರಂಭಿಸಿತು. ಹೀಗೆ ಇಲ್ಲಿಯೇ ಜೋಡಣೆಗೊಂಡ ೩ ಸರಣಿ, ಸಿ ಕ್ಲಾಸ್, ಆಡಿ ಎ೪ ಮೊದಲಾದ ಕಾರುಗಳೇ ಇಂದು ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.

ಇವುಗಳ ಬೆಲೆ ಏಕೆ ಅಷ್ಟು ಬೇಗ ಇಳಿಯುತ್ತದೆ? ಹೊಸತರಲ್ಲಿ ಇವನ್ನು ಕೊಳ್ಳುವ ಸ್ಥಿತಿವಂತರು ನಾಲ್ಕೈದು ವರ್ಷಕ್ಕೆ ಬೇಸತ್ತು ಬದಲಿಸುತ್ತಾರೆ. ವಾರಂಟಿಯ ಅವಧಿ ತೀರುತ್ತಲೂ ಕೊಳ್ಳುವವರು ಹಿಂಜರಿಯುತ್ತಾರೆ. ಹೀಗಾಗಿ ನಲವತ್ತು ಲಕ್ಷಕ್ಕೂ ಮೀರಿ ಕೊಟ್ಟು ತಂದ ಕಾರು ಎಂಟು ಹತ್ತು ವರ್ಷಗಳಲ್ಲಿ ಮೂರನೆಯ ಒಂದು ಭಾಗದ ಬೆಲೆಗೆ ಇಳಿಯುವುದು ಸಾಮಾನ್ಯ. ಕೊಳ್ಳುವವರು ಗಮನಿಸಬೇಕಾದ ಮುಖ್ಯ ಸಂಗತಿ ಇಲ್ಲಿಯೇ ಇದೆ. ಕಾರಿನ ಬೆಲೆ ಇಳಿಯಿತೆಂದು ಅದರ ಬಿಡಿಭಾಗಗಳ ಬೆಲೆಯಾಗಲಿ, ಅದನ್ನು ರಿಪೇರಿ ಮಾಡುವವರ ಕೂಲಿಯಾಗಲಿ ಇಳಿಯುವುದಿಲ್ಲ. ಹದಿನೈದು ಲಕ್ಷಕ್ಕೆ ತಂದ ಕಾರು ರಿಪೇರಿಗೆ ನಿಂತಾಗ ನಲವತ್ತೈದು ಲಕ್ಷದ ಕಾರೇ ಆಗಿರುತ್ತದೆ. ಆನೆಯನ್ನು ಅಗ್ಗಕ್ಕೆ ತಂದರೂ ಅದಕ್ಕೆ ಹಾಕುವ ಮೇವು ಅಗ್ಗವಾಗದು.

ಒಂದೆರಡು ಉದಾಹರಣೆಗಳಿಂದ ಇದನ್ನು ಸ್ಪಷ್ಟಪಡಿಸಬಹುದು. ೨೦೧೨ರಲ್ಲಿ ಭಾರತಕ್ಕೆ ಬಂದ ಬಿಎಂಡಬ್ಲ್ಯು ೩೨೦ ಡಿ ಕಾರು ಹಳೆಯದರಲ್ಲಿ ಬಹು ಬೇಡಿಕೆಯುಳ್ಳದ್ದು. ಅದರ ಮೊದಲ ವರ್ಷಗಳ ಎನ್ ೪೭ ಎಂಬ ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನು ಎಂಜಿನ್ನಿನ ಹಿಂಬದಿಗೆ, ಗೇರ್ ಬಾಕ್ಸಿನ ಕಡೆಗೆ ಇದೆ. ಈ ಚೈನು ಸವೆಯುವುದು ಆ ಎಂಜಿನ್ನಿನ ಹೆಸರಾದ ದೋಷ. ಚೈನಿನ ಬೆಲೆ ದೊಡ್ಡದಲ್ಲದಿದ್ದರೂ ಅದನ್ನು ಮುಟ್ಟಬೇಕಾದರೆ ಎಂಜಿನ್ನನ್ನೋ ಗೇರ್ ಬಾಕ್ಸನ್ನೋ ಕೆಳಗಿಳಿಸಬೇಕು, ಖರ್ಚೆಲ್ಲ ಅಲ್ಲಿಯೇ. ಕಡೆಗಣಿಸಿ ಅದು ತುಂಡಾದರೆ ಎಂಜಿನ್ನೇ ಹಾಳು. ಹಾಗೆಯೇ ೨೦೧೦ರ ಆಸುಪಾಸಿನ ಆಡಿ ಎ೪ ಕಾರಿನ ಪೆಟ್ರೋಲ್ ಎಂಜಿನ್ನುಗಳಲ್ಲಿ ಪಿಸ್ಟನ್ ರಿಂಗುಗಳ ದೋಷದಿಂದ ಆಯಿಲ್ ಉರಿದು ಹೋಗುವುದು ಕಂಡುಬಂದಿದೆ. ಇಂಥ ಕಾರುಗಳನ್ನು ಕೊಳ್ಳಲೇಬಾರದೆಂದಲ್ಲ; ಆಯಾ ವರ್ಷದ ಆಯಾ ಎಂಜಿನ್ನಿನ ಗುಣದೋಷವನ್ನು ತಿಳಿದು, ರಿಪೇರಿ ಆಗಿದೆಯೇ ಇಲ್ಲವೇ ಎಂಬುದನ್ನು ರಸೀದಿ ನೋಡಿ ಖಚಿತಪಡಿಸಿಕೊಂಡು ಕೊಳ್ಳಬೇಕು.

ಗೇರ್ ಬಾಕ್ಸಿನ ಬಗೆಗೂ ಒಂದು ಮಾತು. ಬಿಎಂಡಬ್ಲ್ಯು ಕಾರುಗಳಲ್ಲಿರುವ ಎಂಟು ಗೇರಿನ ಆಟೊಮ್ಯಾಟಿಕ್ ಗೇರ್ ಬಾಕ್ಸನ್ನು ತಯಾರಿಸುವುದು ಜರ್ಮನಿಯದೇ ಆದ ಝಡ್‌ಎಫ್ ಕಂಪನಿ. ಅದರ ಆಯಿಲನ್ನು ಜೀವಮಾನವಿಡೀ ಬದಲಿಸಬೇಕಿಲ್ಲವೆಂದು ಕಾರು ಮಾರುವವರು ಹೇಳುವುದುಂಟು. ತಯಾರಿಸಿದ ಝಡ್‌ಎಫ್ ಕಂಪನಿಯೇ ೮೦,೦೦೦ದಿಂದ ೧,೨೦,೦೦೦ ಕಿ.ಮೀ.ಗಳ ನಡುವೆ ಬದಲಿಸಬೇಕೆನ್ನುತ್ತದೆ. ಲಕ್ಷ ಕಿ.ಮೀ. ದಾಟಿದ ಕಾರಿನಲ್ಲಿ ಈ ಕೆಲಸ ಆಗಿಲ್ಲವಾದರೆ ಆ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿರಿ.

ಟಯರುಗಳನ್ನೂ ಮರೆಯಬೇಡಿರಿ. ಇಂಥ ಅನೇಕ ಕಾರುಗಳಲ್ಲಿ ಸ್ಟೆಪ್ನಿಯೇ ಇರುವುದಿಲ್ಲ. ಗಾಳಿ ಹೋದರೂ ಗಂಟೆಗೆ ೮೦ ಕಿ.ಮೀ. ಮೀರದಂತೆ ಸುಮಾರು ೮೦ ಕಿ.ಮೀ. ಓಡಬಲ್ಲ ರನ್ ಫ್ಲಾಟ್ ಎಂಬ ಟಯರುಗಳಿರುತ್ತವೆ. ಇವು ದುಬಾರಿ, ಬದಿಗೋಡೆ ಗಡುಸಾದ್ದರಿಂದ ನಮ್ಮ ರಸ್ತೆಯ ಗುಂಡಿಗಳಿಗೆ ಸವಾರಿಯೂ ಒರಟು. ಟಯರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಸೂಚಿಸುತ್ತವೆ. ಆರು ವರ್ಷ ಮೀರಿದ ಟಯರು ನೋಟಕ್ಕೆ ಹೊಸದರಂತಿದ್ದರೂ ನಂಬತಕ್ಕದ್ದಲ್ಲ. ಕಾರಿನ ಹೊಟ್ಟೆ ನೆಲದಿಂದ ಒಂದು ಗೇಣಿಗೂ ಕಡಿಮೆ ಎತ್ತರದಲ್ಲಿರುವುದರಿಂದ ಹಳ್ಳಿಯ ರಸ್ತೆಯ ಉಬ್ಬುಗಳಿಗೆ ತಾಗಿ ಕೆಳಭಾಗ ಜಜ್ಜಿದೆಯೆ ಎಂಬುದನ್ನೂ ಕಾರನ್ನು ಮೇಲೆತ್ತಿಸಿ ನೋಡಬೇಕು.

ಡೀಸೆಲ್ಲೋ ಪೆಟ್ರೋಲೋ ಎಂಬ ಪ್ರಶ್ನೆಗೆ ನಿಮ್ಮ ಓಡಾಟವೇ ಉತ್ತರ ಹೇಳಬೇಕು. ಏಪ್ರಿಲ್ ೨೦೨೦ರಿಂದ ಬಿಎಸ್ ೬ ನಿಯಮ ಜಾರಿಯಾದ ಮೇಲೆ ಬಂದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ತಡೆಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿದರೆ ಮಾತ್ರ ಅದು ತನ್ನೊಳಗಿನ ಮಸಿಯನ್ನು ಸುಟ್ಟು ಶುದ್ಧವಾಗುತ್ತದೆ. ದಿನವೂ ಮನೆಯಿಂದ ಅಂಗಡಿಗೆ ಎರಡು ಮೈಲಿ ಹೋಗಿ ಬರುವವರಿಗೆ ಡೀಸೆಲ್ ಸಲ್ಲದು. ಪೆಟ್ರೋಲ್ ಕಾರಾದರೆ ಇಂಧನ ತುಂಬುವ ಮುಚ್ಚಳದ ಒಳಬದಿಯನ್ನೂ ಕೈಪಿಡಿಯನ್ನೂ ಓದಿ, ನಮ್ಮ ಬಂಕುಗಳಲ್ಲಿ ಈಗ ಸಿಗುವ ನೂರಕ್ಕೆ ೨೦ ಪಾಲು ಎಥನಾಲ್ ಬೆರೆತ ಪೆಟ್ರೋಲು ಆ ಎಂಜಿನ್ನಿಗೆ ಒಗ್ಗುವುದೇ ಎಂದು ತಿಳಿದುಕೊಳ್ಳಬೇಕು.

ಇನ್ನು ಪರೀಕ್ಷೆಯ ವಿಧಾನ. ನಮ್ಮ ಹಿರಿಯರು ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ನೊಗಕ್ಕೆ ಹೂಡಿಯೂ ನೋಡುತ್ತಿದ್ದರು. ಮೈಯ ಹೊಳಪನ್ನು ನೋಡಿ ಯಾರೂ ದುಡ್ಡು ಎಣಿಸುತ್ತಿರಲಿಲ್ಲ. ಕಾರಿಗೂ ಇದೇ ನ್ಯಾಯ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ನಿಮ್ಮೆದುರಿಗೇ ಸ್ಟಾರ್ಟ್ ಮಾಡಿಸಿರಿ; ಸವೆದ ಚೈನಿನ ಗಲಗಲ ಸದ್ದು ಆಗಲೇ ಕೇಳುವುದು. ನೀವು ಹೋಗುವ ಮೊದಲೇ ಎಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇವೆನ್ನಿರಿ. ಊರೊಳಗೂ ಹೆದ್ದಾರಿಯಲ್ಲೂ ಕನಿಷ್ಠ ಅರ್ಧ ಗಂಟೆ ಓಡಿಸಿ ನೋಡಿರಿ. ಅನಂತರ ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕರೊಬ್ಬರಿಂದ ಸ್ಕ್ಯಾನರ್ ಹಾಕಿಸಿರಿ. ಈ ಕಾರುಗಳಲ್ಲಿ ಓಡಿದ ದೂರ ಮೀಟರಿನಲ್ಲಿ ಮಾತ್ರವಲ್ಲ, ಬೇರೆ ಬೇರೆ ಎಲೆಕ್ಟ್ರಾನಿಕ್ ಘಟಕಗಳಲ್ಲಿಯೂ ದಾಖಲಾಗಿರುತ್ತದೆ. ಮೀಟರನ್ನು ಹಿಂದಕ್ಕೆ ತಿರುಗಿಸಿದವರು ಅವೆಲ್ಲವನ್ನೂ ತಿದ್ದಿರುವುದು ಅಪರೂಪ.

ನೀರಿನಲ್ಲಿ ಮುಳುಗಿದ ಕಾರುಗಳ ಬಗೆಗೆ ವಿಶೇಷ ಎಚ್ಚರ ಬೇಕು. ೨೦೧೫ರಲ್ಲಿಯೂ ೨೦೨೩ರಲ್ಲಿಯೂ ಚೆನ್ನೈ ಜಲಾವೃತವಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ನಮ್ಮ ಬೆಂಗಳೂರಿನ ಶ್ರೀಮಂತ ಬಡಾವಣೆಗಳಲ್ಲಿಯೇ ದುಬಾರಿ ಕಾರುಗಳು ನೀರಿನಲ್ಲಿ ನಿಂತುದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಅಂಥ ಕಾರನ್ನು ತೊಳೆದು ಹೊಳಪು ಕೊಟ್ಟು ದೂರದ ಊರಿನಲ್ಲಿ ಮಾರುವುದು ಕಷ್ಟವಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಕಲೆಯಿದೆಯೆ ನೋಡಿರಿ. ಸೀಟಿನ ಕೆಳಗಿನ ಕಬ್ಬಿಣದ ಹಳಿಗಳಲ್ಲಿ ತುಕ್ಕು, ಡಿಕ್ಕಿಯ ಹಾಸಿನಡಿ ಮಣ್ಣು, ಒಳಗೆ ಮುಗ್ಗಲು ವಾಸನೆ, ಇವುಗಳಲ್ಲಿ ಯಾವುದು ಕಂಡರೂ ಆ ಕಾರಿನ ಮಾತನ್ನು ಅಲ್ಲಿಗೇ ಬಿಡಿರಿ. ವೈರುಗಳೊಳಗೆ ಸೇರಿದ ನೀರು ವರ್ಷಗಳ ಮೇಲೂ ಕಾಡುತ್ತದೆ.

ಕಾಗದಪತ್ರಗಳ ವಿಚಾರದಲ್ಲಿ ಬಹಳ ಮಂದಿ ಮೋಸಹೋಗುವುದು ಹೊರರಾಜ್ಯದ ಕಾರಿನಲ್ಲಿ. ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಕಾರುಗಳನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ೨೦೧೫ರಲ್ಲಿ ನಿರ್ಬಂಧಿಸಿತು. ೨೦೧೮ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ೨೦೨೫ರಲ್ಲಿ ಕೋರ್ಟು ಅದನ್ನು ಕೊಂಚ ಸಡಿಲಿಸಿದರೂ ಅಷ್ಟರಲ್ಲಿ ಅಲ್ಲಿಯ ಕಾರುಗಳು ಅಗ್ಗವಾಗಿ ದಕ್ಷಿಣಕ್ಕೆ ಹರಿದುಬಂದಿದ್ದವು. ಹೊರರಾಜ್ಯದ ಕಾರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಮೂಲ ಕಚೇರಿಯಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕದ ನೋಂದಣಿ ಪಡೆಯಬೇಕು, ಇಲ್ಲಿಯ ಆಜೀವ ತೆರಿಗೆಯನ್ನೂ ಕಟ್ಟಬೇಕು. ೨೦ ಲಕ್ಷಕ್ಕೂ ಮೇಲಿನ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಈ ತೆರಿಗೆ ನೂರಕ್ಕೆ ೧೮. ಅದರ ಮೇಲೆ ಉಪಕರ ಬೇರೆ. ವಯಸ್ಸಿಗೆ ತಕ್ಕ ಕಡಿತವುಂಟು, ಆದರೆ ಲೆಕ್ಕ ನೀವು ಕೊಟ್ಟ ಬೆಲೆಯ ಮೇಲಲ್ಲ, ಆ ಕಾರಿನ ಮೂಲ ಬೆಲೆಯ ಮೇಲೆ. ಎರಡು ಲಕ್ಷ ಉಳಿಯಿತೆಂದು ದೆಹಲಿಯಿಂದ ತಂದವರು ಅದಕ್ಕೂ ಹೆಚ್ಚು ಹಣವನ್ನು ಆರ್‌ಟಿಓ ಕಚೇರಿಯಲ್ಲಿ ಕಟ್ಟಬೇಕಾದೀತು.

ಇಲ್ಲಿಯದೇ ಕಾರಾದರೂ ಹೆಸರು ಬದಲಾವಣೆಗೆ ಫಾರಂ ೨೯ ಮತ್ತು ೩೦ಕ್ಕೆ ಸಹಿ ಮಾಡಿಸಿಕೊಳ್ಳಿರಿ. ಸಾಲದ ಮೇಲೆ ಕೊಂಡ ಕಾರಾಗಿದ್ದರೆ ಬ್ಯಾಂಕಿನ ಋಣಮುಕ್ತಿಯ ಫಾರಂ ೩೫ ಬೇಕು. ವಿಮೆಯನ್ನು ಹದಿನಾಲ್ಕು ದಿನಗಳೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಹಿಂದಿನವರ ನೋ ಕ್ಲೇಮ್ ರಿಯಾಯಿತಿ ಅವರದೇ, ನಿಮಗೆ ಬರುವುದಿಲ್ಲ. ೨೦೨೫ರ ಸೆಪ್ಟೆಂಬರ್ ೨೨ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ, ಉಪಕರವಿಲ್ಲದೆ ನೂರಕ್ಕೆ ೪೦ ಎಂದಾಗಿ, ಮೊದಲಿನ ಒಟ್ಟು ಭಾರಕ್ಕಿಂತ ಕಡಿಮೆಯಾಯಿತು. ಮಾರುವವರು ಅದಕ್ಕೂ ಹಿಂದಿನ ಬೆಲೆಯನ್ನು ಆಧಾರವಾಗಿಟ್ಟು ಮಾತನಾಡಿದರೆ ಈ ಸಂಗತಿಯನ್ನು ನೆನಪಿಸಿರಿ.

ಕೊನೆಯದು ಹಣಕ್ಕಿಂತಲೂ ದೊಡ್ಡ ಮಾತು. ಈ ಕಾರನ್ನು ಓಡಿಸುವವರು ಯಾರು? ೨೦೨೧ರಲ್ಲಿ ಇಲ್ಲಿ ಬಿಡುಗಡೆಯಾದ ಬಿಎಂಡಬ್ಲ್ಯು ಎಂ೩೪೦ಐ ಕಾರಿನ ಶಕ್ತಿ ೩೮೭ ಅಶ್ವಶಕ್ತಿ; ನಿಂತಲ್ಲಿಂದ ೧೦೦ ಕಿ.ಮೀ. ವೇಗಕ್ಕೆ ಅದಕ್ಕೆ ಬೇಕಾದುದು ೪.೪ ಸೆಕೆಂಡು. ಬೆಂಗಳೂರು ಮೈಸೂರು ಹೆದ್ದಾರಿಯ ವೇಗಮಿತಿಯೇ ೧೦೦. ಮಿತಿ ಮುಟ್ಟಿದ ಮೇಲೂ ಕಾರಿನಲ್ಲಿ ಬಲ ಉಳಿದಿರುತ್ತದೆ, ಅದನ್ನು ತಡೆಯಬೇಕಾದುದು ಓಡಿಸುವವನ ವಿವೇಕ ಮಾತ್ರ. ನಿನ್ನೆ ಮೊನ್ನೆ ಲೈಸೆನ್ಸು ಪಡೆದ ಮಗನ ಕೈಗೆ ಇಂಥ ಕಾರಿನ ಕೀಲಿ ಕೊಡುವುದು ಪ್ರೀತಿಯಲ್ಲ. ಅವನು ಒಂದೆರಡು ವರ್ಷ ಸಣ್ಣ ಕಾರಿನಲ್ಲಿ ಮಳೆ, ಕತ್ತಲೆ, ಘಾಟಿ ಎಲ್ಲವನ್ನೂ ಕಂಡಿರಲಿ, ಆಮೇಲೆ ನೋಡೋಣ. ಮಗನಿಗೆ ಈ ಮಾತು ರುಚಿಸದಿದ್ದರೂ ತಂದೆತಾಯಿಗಳು ಹೇಳಲೇಬೇಕು.

ಹಾಗಾದರೆ ಯಾರು ಕೊಳ್ಳಬಹುದು? ಸಾಲವಿಲ್ಲದೆ ಬೆಲೆ ಕೊಡಬಲ್ಲವರು, ಕೊಟ್ಟ ಮೇಲೂ ಆ ಬೆಲೆಯ ನೂರಕ್ಕೆ ಇಪ್ಪತ್ತರಷ್ಟನ್ನು ಮೊದಲ ವರ್ಷದ ರಿಪೇರಿಗೆಂದು ಬ್ಯಾಂಕಿನಲ್ಲಿ ಇಡಬಲ್ಲವರು, ಆ ಕಾರನ್ನು ಬಲ್ಲ ವರ್ಕ್‌ಶಾಪು ಕೈಗೆಟಕುವ ದೂರದಲ್ಲಿ ಇರುವವರು ಧೈರ್ಯವಾಗಿ ಕೊಳ್ಳಬಹುದು. ಅಂಥವರಿಗೆ ಒಬ್ಬರೇ ಮಾಲೀಕರು ಬಳಸಿದ, ಸರ್ವಿಸಿನ ಪೂರ್ತಿ ದಾಖಲೆಯುಳ್ಳ ಕಾರು ಸಿಕ್ಕರೆ ನಾಲ್ಕೈದು ಸಾವಿರ ಹೆಚ್ಚಲ್ಲ, ಲಕ್ಷ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಗಟ್ಟಿ ಮೈಕಟ್ಟು, ಬಲವಾದ ಬ್ರೇಕು, ದೂರ ಪ್ರಯಾಣದಲ್ಲಿ ದಣಿವಾಗದ ಆಸನ, ಇವೆಲ್ಲ ಆ ಹಣಕ್ಕೆ ಸಿಗುವ ನಿಜವಾದ ಸುಖಗಳೇ.

ತಾಲ್ಲೂಕು ಕೇಂದ್ರದಲ್ಲಿದ್ದು ಮಗಳ ಮದುವೆಗೋ ಮನೆ ಕಟ್ಟಲಿಕ್ಕೋ ಕೂಡಿಟ್ಟ ಹಣವನ್ನು ಇದಕ್ಕೆ ಹಾಕಹೊರಟಿರುವ ಬಂಧುಗಳಿಗೆ ಮಾತ್ರ ನಮ್ಮದು ಬೇರೆ ಸಲಹೆ. ಅದೇ ಹಣದಲ್ಲಿ ವಾರಂಟಿಯುಳ್ಳ ಹೊಸ ಸಾಧಾರಣ ಕಾರನ್ನು ಕೊಂಡು ನಿಶ್ಚಿಂತೆಯಿಂದಿರಿ. ಯಾವುದನ್ನು ಕೊಳ್ಳುವುದಾದರೂ ಮುಂಗಡ ಕೊಡುವ ಹಿಂದಿನ ರಾತ್ರಿ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು, ಒಂದು ಹಾಳೆಯಲ್ಲಿ ಕೊಳ್ಳುವ ಬೆಲೆಯನ್ನೂ ಅದರ ಪಕ್ಕದಲ್ಲಿ ತೆರಿಗೆ, ವಿಮೆ, ಟಯರು, ರಿಪೇರಿಗಳ ಮೂರು ವರ್ಷದ ಖರ್ಚನ್ನೂ ಬರೆಯಿರಿ. ಎರಡನ್ನೂ ಕೂಡಿಸಿ ಬಂದ ಮೊತ್ತವೇ ಆ ಕಾರಿನ ನಿಜವಾದ ಬೆಲೆ. ಅದನ್ನು ನೋಡಿದ ಮೇಲೂ ಮನೆಯ ಎಲ್ಲರಿಗೂ ಒಪ್ಪಿಗೆಯಿದ್ದರೆ ಸಂತೋಷದಿಂದ ಕೊಂಡು ತನ್ನಿರಿ.